ದಂಡೆ, ದಾರಿ, ಬಂಡೆ: ಸಿಡ್ನಿಯ ಉತ್ತರದ ಮೂಲನಿವಾಸಿ ಶಿಲಾಚಿತ್ರಗಳನ್ನು ಓದುವ ಬಗೆ

1. ಪ್ರಸ್ತಾವನೆ

ಶಿಲಾಚಿತ್ರಗಳನ್ನು ಕುರಿತ ಕನ್ನಡದ ಬರಹ ಬಹುಮಟ್ಟಿಗೆ ಪುರಾತತ್ತ್ವದ ಅಂಗವಾಗಿಯೇ ಬೆಳೆದುಬಂದಿದೆ. ನೆಲೆಯ ಶೋಧ, ಅಳತೆ, ವಸ್ತುವಿನ ವಿಂಗಡಣೆ, ಕಾಲನಿರ್ಣಯ ಈ ನಾಲ್ಕೂ ಮುಗಿದಾಗ ಅಧ್ಯಯನವೂ ಮುಗಿಯಿತೆಂದು ನಾವು ಭಾವಿಸುತ್ತೇವೆ. ಇವು ಅಗತ್ಯವಾದ ಕೆಲಸಗಳೇ. ಆದರೆ ಚಿತ್ರವು ಯಾವ ದಾರಿಯಿಂದ ಬಂದವರಿಗೆ ಕಾಣಿಸುತ್ತದೆ, ಯಾವ ಬೆಳಕಿನಲ್ಲಿ ಕಾಣಿಸುತ್ತದೆ, ಅದರ ಪಕ್ಕದಲ್ಲಿ ಬೇರೆ ಏನು ನಡೆಯುತ್ತಿತ್ತು, ಅದನ್ನು ನೋಡುವ ಅಧಿಕಾರ ಯಾರಿಗಿತ್ತು ಎಂಬ ಪ್ರಶ್ನೆಗಳು ಕಲಾವಿಮರ್ಶೆಗೆ ಸೇರಿದವು. ರಚಿಸಿದವರ ಹೆಸರಿಲ್ಲದ, ಸಂದರ್ಭದ ನೆನಪು ಅಳಿದುಹೋದ, ಆದರೂ ಕಣ್ಣೆದುರಿಗೆ ಉಳಿದಿರುವ ಚಿತ್ರದ ಬಗ್ಗೆ ವಿಮರ್ಶಕನು ಏನನ್ನು ಹೇಳಬಹುದು, ಏನನ್ನು ಹೇಳಬಾರದು ಎಂಬುದು ಪ್ರಸ್ತುತ ಲೇಖನದ ಮುಖ್ಯ ಪ್ರಶ್ನೆ.

ಇದನ್ನು ಪರಿಶೀಲಿಸಲು ಆಸ್ಟ್ರೇಲಿಯದ ಸಿಡ್ನಿ ನಗರದ ಉತ್ತರಕ್ಕಿರುವ ಕು-ರಿಂಗ್-ಗೈ ಚೇಸ್ ರಾಷ್ಟ್ರೀಯ ಉದ್ಯಾನವನ್ನು, ವಿಶೇಷವಾಗಿ ಅದರ ಪೂರ್ವದ ತುದಿಯಾದ ವೆಸ್ಟ್ ಹೆಡ್ ಪ್ರದೇಶವನ್ನು, ಇಲ್ಲಿ ಆರಿಸಿಕೊಳ್ಳಲಾಗಿದೆ. 1894ರಲ್ಲಿ ಸ್ಥಾಪಿತವಾದ, ಸುಮಾರು 15 ಸಾವಿರ ಹೆಕ್ಟೇರ್ ವಿಸ್ತಾರದ ಈ ಉದ್ಯಾನವನ್ನು ಪ್ರವಾಸಿ ಸಾಹಿತ್ಯವು ಸಾಮಾನ್ಯವಾಗಿ ಮೂರು ಆಕರ್ಷಣೆಗಳಾಗಿ ಒಡೆದು ವರ್ಣಿಸುತ್ತದೆ: ಅಲೆಯ ಹೊಡೆತವಿಲ್ಲದ ಮರೆದಂಡೆಗಳು, ಕಾಡಿನ ನಡಿಗೆಯ ದಾರಿಗಳು, ಮೂಲನಿವಾಸಿಗಳ ಶಿಲಾಚಿತ್ರಗಳು. ಈಜಲು ಒಂದು, ನಡೆಯಲು ಒಂದು, ನೋಡಲು ಒಂದು. ಈ ವಿಭಜನೆ ಎಷ್ಟು ಸಹಜವೆನಿಸುತ್ತದೆಂದರೆ ಅದರ ಹಿಂದೆ ಒಂದು ಕಲಾದೃಷ್ಟಿ ಅಡಗಿದೆಯೆಂಬುದೇ ಗಮನಕ್ಕೆ ಬರುವುದಿಲ್ಲ. ದಂಡೆ, ದಾರಿ, ಬಂಡೆ ಎಂಬ ಮೂರೂ ಇಲ್ಲಿ ಒಂದೇ ರಚನೆಯ ಅಂಗಗಳು. ಇವನ್ನು ಬಿಡಿಸಿದರೆ ಉಳಿಯುವುದು ಚಿತ್ರವಲ್ಲ, ಚಿತ್ರದ ಗೆರೆ ಮಾತ್ರ ಎಂಬುದು ಈ ಲೇಖನದ ಪ್ರತಿಪಾದನೆ.

2. ನೆಲದ ರಚನೆ

ಈ ಪ್ರದೇಶದ ಕಲೆಯನ್ನು ಅರಿಯಲು ಮೊದಲು ಅದರ ಕಲ್ಲನ್ನು ಅರಿಯಬೇಕು. ಹಾಕ್ಸ್‌ಬರಿ ಮರಳುಗಲ್ಲು ಎಂದು ಭೂವಿಜ್ಞಾನಿಗಳು ಕರೆಯುವ, 20 ಕೋಟಿ ವರ್ಷಗಳಿಗೂ ಹಿಂದಿನ ಈ ಕಲ್ಲು ಎರಡು ಬಗೆಯ ಮೇಲ್ಮೈಗಳನ್ನು ಒದಗಿಸುತ್ತದೆ. ಗುಡ್ಡದ ನೆತ್ತಿಯ ಮೇಲೆ ಅದು ಆಕಾಶಕ್ಕೆ ತೆರೆದ ವಿಶಾಲ ಹಾಸುಬಂಡೆಯಾಗಿ ಹರಡಿಕೊಳ್ಳುತ್ತದೆ. ಇಳಿಜಾರಿನಲ್ಲಿ ಗಾಳಿ ನೀರುಗಳಿಗೆ ಒಳಭಾಗ ಕರಗಿ, ಮೇಲೆ ಚಾವಣಿಯಂತೆ ಚಾಚಿಕೊಂಡ ಕಲ್ಲುಮಾಡವಾಗುತ್ತದೆ. ನೆತ್ತಿಯ ಹಾಸುಬಂಡೆಗಳ ಮೇಲೆ ಕೊರೆದ ಚಿತ್ರಗಳಿವೆ. ಕಲ್ಲುಮಾಡಗಳ ಒಳಗೆ ಕಾವಿ, ಇದ್ದಿಲು, ಬಿಳಿಜೇಡಿಗಳಿಂದ ಮಾಡಿದ ವರ್ಣಚಿತ್ರಗಳೂ ಕೈಯ ಅಚ್ಚುಗಳೂ ಇವೆ.

ಕೆಳಗಿನ ನೀರಿಗೂ ಒಂದು ಇತಿಹಾಸವಿದೆ. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗದ ಪರಾಕಾಷ್ಠೆಯಲ್ಲಿ, ಕಡಲಿನ ಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಇಂದಿನ ಪಿಟ್‌ವಾಟರ್, ಕೋವನ್ ಕ್ರೀಕ್, ಬ್ರೋಕನ್ ಬೇ ಆಗ ನದಿ ಹರಿಯುವ ಕಣಿವೆಗಳಾಗಿದ್ದವು. ಹಿಮ ಕರಗಿ ಕಡಲು ಏರುತ್ತ ಬಂದು ಸುಮಾರು 7000 ವರ್ಷಗಳ ಹಿಂದೆ ಇಂದಿನ ಮಟ್ಟದ ಹತ್ತಿರ ನಿಂತಾಗ ಈ ಕಣಿವೆಗಳು ಮುಳುಗಿ, ಬೆಟ್ಟಗಳ ನಡುವೆ ಬೆರಳುಗಳಂತೆ ಒಳನುಗ್ಗಿದ ಹಿನ್ನೀರಾದವು. ಪ್ರವಾಸಿಗರು ಮೆಚ್ಚುವ ಮರೆದಂಡೆಗಳಾದ ದಿ ಬೇಸಿನ್, ಮ್ಯಾಕರೆಲ್, ರೆಸೊಲ್ಯೂಟ್, ವೆಸ್ಟ್ ಹೆಡ್, ಫ್ಲಿಂಟ್ ಅಂಡ್ ಸ್ಟೀಲ್ ಇವೆಲ್ಲ ಹೀಗೆ ಮುಳುಗಿದ ಕಣಿವೆಗಳ ಬದಿಗಳು. ಜನರು ತಮ್ಮ ದಂಡೆ ಹಿಂದೆ ಹಿಂದೆ ಸರಿಯುವುದನ್ನು ತಲೆಮಾರುಗಳ ಉದ್ದಕ್ಕೂ ಕಂಡಿದ್ದ ನೆಲ ಇದು. ನಮಗೆ ಶಾಶ್ವತವೆಂದು ತೋರುವ ಈ ಕಡಲಂಚು ಅಲ್ಲಿನ ಮಾನವ ವಾಸದ ದೀರ್ಘ ಕಥನದಲ್ಲಿ ಇತ್ತೀಚಿನ ಅಧ್ಯಾಯ.

ಈ ದಂಡೆಗಳ ಬಳಿ ಚಿಪ್ಪುಗಳ ದಿಬ್ಬಗಳಿವೆ. ತಿಂದು ಬಿಸುಟ ಸಿಂಪಿಗಳು, ಮೀನಿನ ಮೂಳೆಗಳು, ಒಲೆಯ ಬೂದಿ ಪದರ ಪದರವಾಗಿ ಕೂಡಿ ಆದ ದಿಬ್ಬಗಳಿವು. ಗಂಡಸರು ಹಲವು ಮೊನೆಗಳ ಈಟಿಯಿಂದ ಮೀನು ಹೊಡೆಯುತ್ತಿದ್ದರು. ಹೆಂಗಸರು ತೊಗಟೆಯ ದೋಣಿಯಲ್ಲಿ ಕುಳಿತು ಚಿಪ್ಪಿನಿಂದ ಮಾಡಿದ ಗಾಳ ಹಾಕುತ್ತಿದ್ದರು. ಕಲ್ಲುಮಾಡಗಳಲ್ಲಿಯೂ ಇಂತಹ ಊಟದ ಉಳಿಕೆಗಳು ದೊರೆಯುತ್ತವೆ. ನೆತ್ತಿಯ ಹಾಸುಬಂಡೆಗಳಲ್ಲಿ ಮಳೆನೀರು ನಿಲ್ಲುವ ಗುಂಡಿಗಳ ಅಂಚಿಗೆ ಕಲ್ಲುಕೊಡಲಿಗಳನ್ನು ಮಸೆದ ತೋಡುಗಳಿರುವುದೂ ಉಂಟು. ಅಂದರೆ ಊಟ, ನಿದ್ದೆ, ದುಡಿಮೆ, ಚಿತ್ರ ಇವುಗಳಿಗೆ ಬೇರೆಬೇರೆ ಕಟ್ಟಡಗಳನ್ನು ನೇಮಿಸುವ ನಮ್ಮ ರೂಢಿ ಇಲ್ಲಿ ಅನ್ವಯಿಸುವುದಿಲ್ಲ. ಕೊಡಲಿ ಮಸೆದ ಗೀರು ಮತ್ತು ಮೀನಿನ ಮೈಗೆರೆ ಒಂದೇ ಕಲ್ಲಿನ ಮೇಲೆ, ಒಂದೇ ಬಗೆಯ ಕೈಬಲದಿಂದ ಆದವುಗಳು. ಉಪಯೋಗದ ಗೆರೆ ಎಲ್ಲಿ ಮುಗಿದು ಕಲೆಯ ಗೆರೆ ಎಲ್ಲಿ ಮೊದಲಾಯಿತು ಎಂಬ ಪ್ರಶ್ನೆಯನ್ನು ಕೇಳುವವರು ನಾವೇ ಹೊರತು ಆ ಬಂಡೆಯಲ್ಲ.

3. ರೇಖೆಯ ಗುಣ

ಕೊರೆಚಿತ್ರದ ವಿಧಾನ ಸರಳ. ಗಟ್ಟಿಯಾದ ಮೊನೆಗಲ್ಲಿನಿಂದ ಬಂಡೆಯ ಮೇಲೆ ಸಾಲುಸಾಲಾಗಿ ಚುಕ್ಕಿಗಳನ್ನು ಕುಟ್ಟಿ, ಅನಂತರ ಆ ಚುಕ್ಕಿಗಳನ್ನು ಉಜ್ಜಿ ಕೂಡಿಸಿ ಒಂದೆರಡು ಸೆಂಟಿಮೀಟರ್ ಅಗಲದ ತೋಡನ್ನು ಮಾಡಲಾಗುತ್ತಿತ್ತು. ಕೆಲವು ಕಡೆ ಚುಕ್ಕಿಗಳು ಇನ್ನೂ ಕಾಣುವಂತಿವೆ. ತಿಮಿಂಗಿಲ, ಶಾರ್ಕ್, ಮೀನು, ವಾಲಬಿ, ಕಾಂಗರೂ, ಎಮು, ಎಕಿಡ್ನಾ ಎಂಬ ಮುಳ್ಳುಮೈಯ ಪ್ರಾಣಿ, ಗುರಾಣಿ, ಬೂಮರಾಂಗ್, ಗಂಡು ಹೆಣ್ಣುಗಳ ಆಕೃತಿ, ಮೂಲಪುರುಷರೆಂದು ತಿಳಿಯಲಾದ ಬೃಹದಾಕೃತಿಗಳು, ಹೆಜ್ಜೆಗುರುತುಗಳು ಮುಖ್ಯ ವಸ್ತುಗಳು. ಒಳಗಿನ ವಿವರ ಬಹಳ ಕಡಿಮೆ, ಹೊರಗೆರೆಯೇ ಸರ್ವಸ್ವ.

ಈ ಹೊರಗೆರೆಯನ್ನು 'ಆದಿಮ ಸರಳತೆ' ಎಂದು ಕರೆಯುವ ಹಳೆಯ ಅಭ್ಯಾಸವನ್ನು ನಾವು ಕೈಬಿಡಬೇಕು. ಇಲ್ಲಿ ಆಯ್ಕೆಯಿದೆ, ನಿಯಮವೂ ಇದೆ. ವಾಲಬಿ, ಎಮು, ಮೀನುಗಳನ್ನು ಪಕ್ಕದಿಂದ ನೋಡಿದಂತೆ ಕೊರೆಯಲಾಗಿದೆ. ಎಕಿಡ್ನಾ, ಹಲ್ಲಿ ಜಾತಿಯ ಪ್ರಾಣಿಗಳನ್ನು ಮೇಲಿನಿಂದ ನೋಡಿದಂತೆ ಕೊರೆಯಲಾಗಿದೆ. ಮನುಷ್ಯರು ಬಹುವಾಗಿ ಎದುರುಮುಖವಾಗಿ, ಕೈಕಾಲುಗಳನ್ನು ಅಗಲಿಸಿ ನಿಂತಿದ್ದಾರೆ. ಪ್ರತಿಯೊಂದು ಜೀವಿಯನ್ನೂ ಯಾವ ಕೋನದಿಂದ ಕಂಡರೆ ಅದು ಬೇರೊಂದಾಗಿ ತೋರದೋ ಆ ಕೋನವನ್ನೇ ರೇಖೆ ಹಿಡಿದಿದೆ. ಗುರುತನ್ನು ಖಚಿತಪಡಿಸುವುದು ಇದರ ಉದ್ದೇಶ. ಕ್ಷಣದ ನೋಟವನ್ನು ಸೆರೆಹಿಡಿಯುವುದಲ್ಲ. ಬೇಟೆಯಿಂದ ಬದುಕುವ ಜನಕ್ಕೆ ಪ್ರಾಣಿಯ ಹೊರಗೆರೆಯ ಜ್ಞಾನ ಎಷ್ಟು ನಿಖರವಾಗಿರಬೇಕೆಂಬುದನ್ನು ನೆನೆದರೆ ಈ ಮಿತವ್ಯಯದ ಬೆಲೆ ತಿಳಿಯುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಚಿತ್ರವು ಮಲಗಿದೆ ಎಂಬುದು. ಗೋಡೆಯ ಮೇಲಿನ ಚಿತ್ರಕ್ಕೆ ಮೇಲು ಕೆಳಗುಗಳಿವೆ, ನೋಡುವವನಿಗೆ ಒಂದು ನಿಶ್ಚಿತ ಸ್ಥಾನವಿದೆ. ಹಾಸುಬಂಡೆಯ ಚಿತ್ರಕ್ಕೆ ಅವಿಲ್ಲ. ಹಲವು ಮೀಟರ್ ಉದ್ದದ ತಿಮಿಂಗಿಲವನ್ನು ಅದರ ಪಕ್ಕದಲ್ಲಿ ನಿಂತವನು ಒಮ್ಮೆಗೇ ಇಡಿಯಾಗಿ ಕಾಣಲಾರ. ಬಾಲದಿಂದ ತಲೆಗೆ ನಡೆಯಬೇಕು. ನಡೆಯುವಾಗ ಗೆರೆ ಒಂದಿಷ್ಟು ದೂರ ಕಾಣುತ್ತದೆ, ಉಳಿದದ್ದನ್ನು ನೆನಪು ಕೂಡಿಸುತ್ತದೆ. ಮನುಷ್ಯರ ಹೆಜ್ಜೆಗುರುತುಗಳನ್ನು ಸಾಲಾಗಿ ಕೊರೆದು ಒಂದು ಆಕೃತಿಯಿಂದ ಇನ್ನೊಂದರ ಕಡೆಗೆ ಒಯ್ಯುವ ನೆಲೆಗಳೂ ಇವೆ. ಅಂತಹ ಕಡೆ ನಡಿಗೆ ಚಿತ್ರವನ್ನು ಮುಟ್ಟುವ ಸಾಧನವಷ್ಟೇ ಅಲ್ಲ, ಚಿತ್ರದ ವಸ್ತುವೂ ಹೌದು. ನೋಡುವವನು ತನ್ನ ಕಾಲನ್ನು ಎಲ್ಲಿಡಬೇಕೆಂಬುದನ್ನು ಚಿತ್ರವೇ ಸೂಚಿಸುವ ಇಂತಹ ರಚನೆಗೆ ನಮ್ಮ ಗ್ಯಾಲರಿಯ ಪರಿಭಾಷೆಯಲ್ಲಿ ಹೆಸರಿಲ್ಲ.

ಬೆಳಕಿನ ಮಾತೂ ಹೀಗೆಯೇ. ನಡುಹಗಲಲ್ಲಿ ಈ ತೋಡುಗಳು ಬಹುಮಟ್ಟಿಗೆ ಮರೆಯಾಗುತ್ತವೆ. ಬೆಳಗ್ಗೆ ಮತ್ತು ಸಂಜೆ ಸೂರ್ಯ ಕೆಳಗಿದ್ದಾಗ ತೋಡಿನ ಒಂದು ಅಂಚು ನೆರಳು ಚೆಲ್ಲಿ ಆಕೃತಿ ಎದ್ದು ಬರುತ್ತದೆ. ಆದ್ದರಿಂದ ಈ ಚಿತ್ರಕ್ಕೆ ದಿನದೊಳಗೆ ಹೊತ್ತು ಎಂಬುದಿದೆ. ಮಧ್ಯಾಹ್ನದ ವಿಹಾರಕ್ಕೆಂದು ಬಂದು ಏನೂ ಕಾಣಲಿಲ್ಲವೆಂದು ಹಿಂದಿರುಗುವವರು ತಪ್ಪು ಸ್ಥಳಕ್ಕೆ ಬಂದವರಲ್ಲ, ತಪ್ಪು ಹೊತ್ತಿಗೆ ಬಂದವರು.

4. ದಾಖಲೆಯ ಲಾಭ ಮತ್ತು ನಷ್ಟ

ಈ ಚಿತ್ರಗಳ ಮೊದಲ ವ್ಯವಸ್ಥಿತ ದಾಖಲೆಗಾರರು ಭೂಮಾಪಕರು. ಆರ್. ಎಚ್. ಮ್ಯಾಥ್ಯೂಸ್ 19ನೆಯ ಶತಮಾನದ ಕೊನೆಯಲ್ಲಿ ಅನೇಕ ನೆಲೆಗಳನ್ನು ವರದಿಮಾಡಿದರು. ಡಬ್ಲ್ಯೂ. ಡಿ. ಕ್ಯಾಂಪ್‌ಬೆಲ್ ಪೋರ್ಟ್ ಜಾಕ್ಸನ್ ಮತ್ತು ಬ್ರೋಕನ್ ಬೇ ಪ್ರದೇಶಗಳ ಕೊರೆಚಿತ್ರಗಳನ್ನು ಅಳೆದು 1899ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಆಧಾರಗ್ರಂಥವಾಗಿದೆ. 20ನೆಯ ಶತಮಾನದಲ್ಲಿ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿನ ಫ್ರೆಡರಿಕ್ ಮೆಕಾರ್ಥಿ ಈ ಕೆಲಸವನ್ನು ಮುಂದುವರಿಸಿದರು. ನಗರ ಬೆಳೆದಂತೆ ಎಷ್ಟೋ ಬಂಡೆಗಳು ಮನೆ ರಸ್ತೆಗಳ ಅಡಿಗೆ ಹೋದವು. ಅವುಗಳಲ್ಲಿ ಕೆಲವು ಈ ದಾಖಲೆಗಳಲ್ಲಿ ಮಾತ್ರ ಬದುಕಿವೆ. ಈ ಋಣವನ್ನು ಮರೆಯಲಾಗದು.

ಆದರೂ ಭೂಮಾಪಕನ ಹಾಳೆ ಚಿತ್ರಕ್ಕೆ ಏನು ಮಾಡಿತೆಂಬುದನ್ನು ಗಮನಿಸಬೇಕು. ಪ್ರಮಾಣಬದ್ಧ ನಕ್ಷೆ ಆಕೃತಿಯನ್ನು ನೇರ ಮೇಲಿನಿಂದ, ಹಕ್ಕಿ ನೋಡಿದಂತೆ, ಕಾಣಿಸುತ್ತದೆ. ಬಂಡೆಯ ಮೇಲೆ ನಿಂತ ಯಾವ ಮನುಷ್ಯನೂ ಹೊಂದಿರದ ನೋಟ ಅದು. ನಡೆದು ಕೂಡಿಸಬೇಕಾದ ಮೈ ಒಂದೇ ಕಣ್ಣೋಟಕ್ಕೆ ಸಿಕ್ಕಿತು. ಮಲಗಿದ್ದ ಚಿತ್ರ ಪುಟದ ಮೇಲೆ ಎದ್ದು ನಿಂತಿತು. ಬಂಡೆಯ ಬಿರುಕು, ನೀರಿನ ಗುಂಡಿ, ದೂರದ ಕಡಲು ಬಿಟ್ಟುಹೋದವು. ಛಾಯಾಚಿತ್ರದ ಕಾಲದಲ್ಲಿ ಗೆರೆ ಚೆನ್ನಾಗಿ ಮೂಡಲೆಂದು ತೋಡುಗಳಿಗೆ ಸೀಮೆಸುಣ್ಣ ಬಳಿಯುವ ರೂಢಿ ಬಂತು. ಹೀಗೆ ಹೊತ್ತಿಗೆ ತಕ್ಕಂತೆ ಮೂಡಿ ಮುಳುಗುವ ರೇಖೆಯನ್ನು ಸದಾ ಕಾಣುವ ರೇಖೆಯನ್ನಾಗಿ ಮಾರ್ಪಡಿಸಲಾಯಿತು. ಕಲಾವಿಮರ್ಶೆ ಬಹುಕಾಲ ಚರ್ಚಿಸಿದ್ದು ಬಂಡೆಯ ಚಿತ್ರವನ್ನಲ್ಲ, ಈ ಹಾಳೆಯ ಚಿತ್ರವನ್ನು.

ಇತ್ತೀಚಿನ ಅಧ್ಯಯನಗಳಲ್ಲಿ ಜೋ ಮೆಕ್‌ಡೊನಾಲ್ಡ್ ಅವರದು ಮಹತ್ತ್ವದ್ದು. 2008ರಲ್ಲಿ ಪ್ರಕಟವಾದ ಅವರ 'ಡ್ರೀಮ್‌ಟೈಮ್ ಸೂಪರ್‌ಹೈವೇ' ಎಂಬ ಗ್ರಂಥ ಸಿಡ್ನಿ ಪ್ರದೇಶದ ಬಯಲು ಕೊರೆಚಿತ್ರಗಳನ್ನೂ ಕಲ್ಲುಮಾಡಗಳ ವರ್ಣಚಿತ್ರಗಳನ್ನೂ ಒಟ್ಟಿಗಿಟ್ಟು ನೋಡುತ್ತದೆ. ಅವರ ವಾದದ ಸಾರ ಇಷ್ಟು: ಬಯಲಿನ ಕೊರೆಚಿತ್ರಗಳು ವಿಶಾಲ ಪ್ರದೇಶದ ಉದ್ದಕ್ಕೂ ಹೆಚ್ಚು ಏಕರೂಪವಾಗಿವೆ, ಅವು ಬೇರೆಬೇರೆ ಗುಂಪುಗಳು ಹಂಚಿಕೊಂಡ ಸಾರ್ವಜನಿಕ ಭಾಷೆ. ಕಲ್ಲುಮಾಡಗಳ ಚಿತ್ರಗಳು ನೆಲೆಯಿಂದ ನೆಲೆಗೆ ಹೆಚ್ಚು ಬದಲಾಗುತ್ತವೆ; ಅವು ಸ್ಥಳೀಯ ಗುಂಪಿನ ಒಳಮಾತು. ಒಂದೇ ಜನ ಎರಡು ಬಗೆಯ ಸ್ಥಳಗಳಲ್ಲಿ ಎರಡು ಬಗೆಯ ಮಾತನಾಡಿದ್ದಾರೆ.

ಚಿತ್ರವನ್ನು ಮಾತುಕತೆಯಾಗಿ ಕಾಣುವ ಈ ಓದು ನಮ್ಮ ವಾದಕ್ಕೆ ಬಲ ಕೊಡುತ್ತದೆ. ಆದರೆ ಎರಡು ಎಚ್ಚರಗಳು ಬೇಕು. ಮೊದಲನೆಯದು, ಕೆಂಪು, ಬಿಳಿ, ಕಪ್ಪು ಬಣ್ಣಗಳು, ಗೆರೆ, ತುಂಬು, ಅಚ್ಚು ಎಲ್ಲಕ್ಕೂ ಎಡೆಕೊಡುವ ಮಾಧ್ಯಮದಲ್ಲಿ ವೈವಿಧ್ಯ ಸಹಜವಾಗಿ ಹೆಚ್ಚು; ಕುಟ್ಟಿ ಉಜ್ಜಬೇಕಾದ ಮಾಧ್ಯಮದಲ್ಲಿ ಕಡಿಮೆ. ವೈವಿಧ್ಯದ ಒಂದಂಶ ಸಮಾಜದ್ದಲ್ಲ, ಮಾಧ್ಯಮದ್ದಿರಬಹುದು. ಎರಡನೆಯದು, ಬಯಲಿನಲ್ಲಿ ಬಣ್ಣ ಉಳಿಯಲಾರದು. ಮಳೆ ತೊಳೆದ ಬಣ್ಣದ ಲೆಕ್ಕ ನಮ್ಮ ಹೋಲಿಕೆಯಲ್ಲಿ ಸೇರುವುದಿಲ್ಲ. 'ಹೆದ್ದಾರಿ' ಎಂಬ ರೂಪಕವೂ ಪೂರ್ಣ ಹೊಂದುವುದಿಲ್ಲ. ಹೆದ್ದಾರಿಯಲ್ಲಿ ಸಂದೇಶ ಸಾಗುತ್ತದೆ, ಸ್ಥಳ ಹಿಂದೆ ಸರಿಯುತ್ತದೆ. ಇಲ್ಲಿ ಸ್ಥಳವೇ ಸಂದೇಶದ ಅರ್ಧ.

ವೆಸ್ಟ್ ಹೆಡ್‌ನ ರೆಸೊಲ್ಯೂಟ್ ದಾರಿ ಈ ಮಾತನ್ನು ಸ್ಪಷ್ಟಪಡಿಸುತ್ತದೆ. ಆ ಒಂದೇ ನಡಿಗೆಯಲ್ಲಿ ಕೆಂಗೈ ಗವಿಯೆಂದು ಹೆಸರಾದ ಕಲ್ಲುಮಾಡವಿದೆ, ಕೊರೆಚಿತ್ರಗಳ ಹಾಸುಬಂಡೆಯಿದೆ, ಕಡಿದಾಗಿ ಇಳಿದರೆ ದಂಡೆಯಿದೆ. ಗವಿಯ ಗೋಡೆಗೆ ಅಂಗೈ ಒತ್ತಿ, ಬಾಯಲ್ಲಿಟ್ಟುಕೊಂಡ ಕಾವಿಯನ್ನು ಅದರ ಸುತ್ತ ಊದಿ, ಕೈ ತೆಗೆದಾಗ ಉಳಿಯುವ ಖಾಲಿ ಜಾಗವೇ ಚಿತ್ರ. ಇಲ್ಲಿ ಬಣ್ಣ ಬಳಿದಿರುವುದು ಕೈಗಲ್ಲ, ಕೈಯಿಲ್ಲದ ಕಡೆಗೆ. ಒಬ್ಬ ನಿಶ್ಚಿತ ವ್ಯಕ್ತಿ ಇಲ್ಲಿ ನಿಂತಿದ್ದನೆಂಬ ಸಾಕ್ಷ್ಯ ಇದಕ್ಕಿಂತ ನೇರವಾಗಿರಲಾರದು, ಆದರೂ ಹೆಸರಿಲ್ಲ. ಮೇಲಿನ ಹಾಸುಬಂಡೆಯ ಆಕೃತಿ ಎಲ್ಲರದು, ಕೆಳಗಿನ ಅಚ್ಚು ಒಬ್ಬರದು. ಈ ಎರಡರ ನಡುವಿನ ಇಳಿಜಾರನ್ನು ನಡೆಯದೆ ಈ ವ್ಯತ್ಯಾಸ ಪುಸ್ತಕದಿಂದ ಅರಿವಿಗೆ ಬರಬಹುದು, ಅನುಭವಕ್ಕೆ ಬಾರದು.

5. ಹೆಸರುಗಳ ಸಮಸ್ಯೆ

1788ರ ಜನವರಿಯಲ್ಲಿ ಸಿಡ್ನಿಯಲ್ಲಿ ಬ್ರಿಟಿಷ್ ವಸಾಹತು ನೆಲೆಯೂರಿತು. ಅದೇ ಮಾರ್ಚಿನಲ್ಲಿ ಗವರ್ನರ್ ಆರ್ಥರ್ ಫಿಲಿಪ್ ದೋಣಿಗಳಲ್ಲಿ ಬ್ರೋಕನ್ ಬೇಗೆ ಬಂದು ಪಿಟ್‌ವಾಟರನ್ನು ಶೋಧಿಸಿದನು. ಮರುವರ್ಷ, 1789ರಲ್ಲಿ, ಸಿಡುಬು ಹರಡಿ ಸಿಡ್ನಿ ಸುತ್ತಿನ ಮೂಲನಿವಾಸಿಗಳಲ್ಲಿ ಅರ್ಧಕ್ಕೂ ಮಿಕ್ಕಿ ಜನ ಸತ್ತರೆಂದು ಅಂದಾಜು. ಚಿತ್ರದ ಅರ್ಥವನ್ನು ಹೇಳಬಲ್ಲ ಹಿರಿಯರು, ಕೇಳಿ ಕಲಿಯಬೇಕಾಗಿದ್ದ ಕಿರಿಯರು ಒಂದೇ ಋತುವಿನಲ್ಲಿ ಇಲ್ಲವಾದರು. ಈ ಕಲೆಯ ಕುರಿತ ಪ್ರತಿಯೊಂದು ವ್ಯಾಖ್ಯಾನವೂ ಈ ದುರಂತದ ಆಚೆಗೆ ನಿಂತು ಮಾತನಾಡುತ್ತದೆ.

ಉದ್ಯಾನದ ಹೆಸರೇ ಇದಕ್ಕೆ ಉದಾಹರಣೆ. 'ಕುರಿಂಗ್ಗೈ' ಎಂಬ ಪದವನ್ನು ಒಂದು ದೊಡ್ಡ ಬುಡಕಟ್ಟಿನ ಹೆಸರೆಂದು ಬಳಕೆಗೆ ತಂದವನು ಜಾನ್ ಫ್ರೇಜರ್ ಎಂಬ ವಿದ್ವಾಂಸ. ತ್ರೆಲ್ಕೆಲ್ಡ್ ಪಾದ್ರಿಯ ಭಾಷಾಗ್ರಂಥವನ್ನು 1892ರಲ್ಲಿ ಪರಿಷ್ಕರಿಸಿ ಪ್ರಕಟಿಸುವಾಗ ಅವನು ಇದನ್ನು ಕಲ್ಪಿಸಿದನು. ಎರಡೇ ವರ್ಷಗಳಲ್ಲಿ ಅದು ಉದ್ಯಾನದ ಹೆಸರಾಯಿತು. ಉತ್ತರ ಸಿಡ್ನಿಯ ನಗರಸಭೆಗಳು ಕೂಡಿ ನಡೆಸಿದ ಅಬೊರಿಜಿನಲ್ ಹೆರಿಟೇಜ್ ಆಫೀಸ್ 2015ರಲ್ಲಿ ಹೊರತಂದ ವರದಿ, ಈ ಹೆಸರಿಗೆ ಅಲ್ಲಿನ ಜನರ ಸ್ವಂತ ಬಳಕೆಯ ಆಧಾರ ದೊರೆಯುವುದಿಲ್ಲವೆಂದು ವಿವರವಾಗಿ ತೋರಿಸಿತು. ಆದಿಕಾಲದ ದಾಖಲೆಗಳಲ್ಲಿ ಬ್ರೋಕನ್ ಬೇ ಪ್ರದೇಶದೊಂದಿಗೆ ಕಾಣುವ ಹೆಸರು ಗರಿಗಲ್. ಖಾಲಿಯಾದ ಜಾಗವನ್ನು ವಿದ್ವತ್ತು ತನ್ನ ಅನುಕೂಲದ ಹೆಸರಿನಿಂದ ತುಂಬಿದ ಪ್ರಸಂಗವಿದು.

ಬ್ರೋಕನ್ ಬೇ ಕಡೆಯವನೆಂದು ಇತಿಹಾಸದಲ್ಲಿ ಹೆಸರು ಉಳಿದಿರುವ ವ್ಯಕ್ತಿ ಬುಂಗರೀ. ಮ್ಯಾಥ್ಯೂ ಫ್ಲಿಂಡರ್ಸ್ 1802-03ರಲ್ಲಿ ಇಡೀ ಖಂಡವನ್ನು ಸುತ್ತಿದ ನೌಕಾಯಾನದಲ್ಲಿ ಅವನು ಮಧ್ಯಸ್ಥನಾಗಿ ಜೊತೆಗಿದ್ದನು. 1815ರಲ್ಲಿ ಗವರ್ನರ್ ಲಾಕ್ಲನ್ ಮಕ್ವಾರಿ ಅವನ ಕೊರಳಿಗೆ ಎದೆಫಲಕವೊಂದನ್ನು ತೊಡಿಸಿ ಬ್ರೋಕನ್ ಬೇ ಬುಡಕಟ್ಟಿನ ಮುಖ್ಯಸ್ಥನೆಂದು ಘೋಷಿಸಿದನು. ಈ ಮಕ್ವಾರಿ ಕನ್ನಡನಾಡಿನ ಚರಿತ್ರೆಗೂ ಅಪರಿಚಿತನಲ್ಲ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯ ಕಾಲದಲ್ಲಿ ಬ್ರಿಟಿಷ್ ಸೇನೆಯಲ್ಲಿದ್ದವನು. ಟಿಪ್ಪುವಿನ ರಾಜ್ಯ ಬಿದ್ದ ಮೇಲೆ ಮೈಸೂರಿನಲ್ಲಿ ಅರಸನನ್ನು ನೇಮಿಸಿದ ಸಾಮ್ರಾಜ್ಯವೇ, ಮುಖ್ಯಸ್ಥನೆಂಬ ಪದವಿಯೇ ಇಲ್ಲದ ಸಮಾಜದಲ್ಲಿ ಲೋಹದ ಫಲಕದಿಂದ ಮುಖ್ಯಸ್ಥನನ್ನು ನಿರ್ಮಿಸಿತು. ಬಂಡೆಯ ಮೇಲೆ ಹೆಸರಿಲ್ಲದೆ ಕೊರೆದ ಜನರಿಗೂ ಎದೆಯ ಮೇಲೆ ಹೆಸರು ಕೊರೆದ ಆಳರಸರಿಗೂ ಇರುವ ಅಂತರವನ್ನು ಬೇರೆ ವಿವರಿಸಬೇಕಾಗಿಲ್ಲ.

ಚಿತ್ರಗಳಿಗೆ ಇಟ್ಟ ಹೆಸರುಗಳೂ ಪರೀಕ್ಷೆಗೆ ಅರ್ಹ. ಎದುರುಮುಖದ ಬೃಹತ್ ಪುರುಷನನ್ನು ಬಯಾಮೆ ಎಂದೂ ಎಮುವಿನ ಪಾದವುಳ್ಳ ಆಕೃತಿಯನ್ನು ದಾರಮುಲನ್ ಎಂದೂ ಕರೆಯುವುದು ರೂಢಿ. ಬಯಾಮೆಯ ಕಥೆಗಳನ್ನು ಜನಾಂಗಶಾಸ್ತ್ರಜ್ಞರು 19ನೆಯ ಶತಮಾನದಲ್ಲಿ ಬಹುವಾಗಿ ಸಂಗ್ರಹಿಸಿದ್ದು ಒಳನಾಡಿನ ಕಮಿಲರಾಯ್, ವಿರಾಜುರಿ ಮುಂತಾದ ಜನರಿಂದ. ಸಂಸ್ಕೃತಿಗಳ ನಡುವೆ ಕೊಳುಕೊಡೆಯಿದ್ದುದರಿಂದ ಈ ಗುರುತಿಸುವಿಕೆ ಸಂಭವನೀಯ. ಆದರೆ ಸಂಭವನೀಯತೆಯನ್ನು ಫಲಕದ ಮೇಲೆ ನಿಶ್ಚಯವಾಗಿ ಬರೆದಾಗ ಒಳನಾಡಿನ ಜೀವಂತ ಕಥೆಯೊಂದು ಕರಾವಳಿಯ ಮೌನವನ್ನು ಮುಚ್ಚುತ್ತದೆ. ಮೌನವನ್ನು ಮೌನವೆಂದೇ ತೋರಿಸುವುದು ವಿಮರ್ಶೆಯ ಪ್ರಾಮಾಣಿಕತೆ.

6. ಆಕಾಶದ ಎಮು

ಎಲ್ವಿನಾ ದಾರಿಯ ವಿಶಾಲ ಹಾಸುಬಂಡೆಯ ಎಮು ಈ ಚರ್ಚೆಯ ಅತ್ಯಂತ ಆಕರ್ಷಕ ಪ್ರಸಂಗ. ಆಸ್ಟ್ರೇಲಿಯದ ಅನೇಕ ಮೂಲನಿವಾಸಿ ಜನರು ಕ್ಷೀರಪಥದ ನಕ್ಷತ್ರಗಳನ್ನಲ್ಲ, ಅವುಗಳ ನಡುವಣ ಕಪ್ಪು ಪಟ್ಟೆಗಳನ್ನು ಕೂಡಿಸಿ ಒಂದು ಎಮುವನ್ನು ಕಾಣುತ್ತಾರೆ. ದಕ್ಷಿಣದ ಶಿಲುಬೆ ನಕ್ಷತ್ರಪುಂಜದ ಬಳಿಯ ಕಪ್ಪು ಮಚ್ಚೆ ಅದರ ತಲೆ. ಮೈ ಕ್ಷೀರಪಥದ ಉದ್ದಕ್ಕೆ ಚಾಚುತ್ತದೆ. ಅಲ್ಲಿನ ಶರತ್ಕಾಲದ, ಎಂದರೆ ಏಪ್ರಿಲ್-ಮೇ ಸುಮಾರಿನ, ಸಂಜೆಗಳಲ್ಲಿ ಈ ಆಕಾಶದ ಎಮು ಬಂಡೆಯ ಎಮುವಿನ ಮೇಲೆ ಅದೇ ಭಂಗಿಯಲ್ಲಿ ನಿಲ್ಲುತ್ತದೆ, ಅದು ಎಮು ಮೊಟ್ಟೆಯಿಡುವ ಕಾಲವೂ ಹೌದು ಎಂಬ ವಿಚಾರವನ್ನು ಹ್ಯೂ ಕೇರ್ನ್ಸ್ ಮುಂದಿಟ್ಟರು. ಖಗೋಳವಿಜ್ಞಾನಿ ರೇ ನಾರಿಸ್ ಮತ್ತು ಸಿಲ್ಲಾ ನಾರಿಸ್ 2009ರ ತಮ್ಮ 'ಎಮು ಡ್ರೀಮಿಂಗ್' ಪುಸ್ತಕದಲ್ಲಿ ಇದನ್ನು ವ್ಯಾಪಕ ಓದುಗರಿಗೆ ಮುಟ್ಟಿಸಿದರು. ಕಮಿಲರಾಯ್ ಮತ್ತು ಯೂಅಲಯಿ ಜನರ ಹಿರಿಯರೊಂದಿಗೆ ರಾಬರ್ಟ್ ಫುಲ್ಲರ್ ಮತ್ತು ಸಂಗಡಿಗರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ, ಆಕಾಶದ ಎಮು ವರ್ಷದ ಉದ್ದಕ್ಕೂ ರೂಪ ಬದಲಿಸುತ್ತ ಭೂಮಿಯ ಎಮುವಿನ ಬದುಕನ್ನು ಹೇಗೆ ಹಿಂಬಾಲಿಸುತ್ತದೆಂಬುದನ್ನು ವಿವರಿಸಿತು.

ಈ ವ್ಯಾಖ್ಯಾನ ನಿಜವೇ ಎಂಬ ಪ್ರಶ್ನೆಗೆ ಖಚಿತ ಉತ್ತರವಿಲ್ಲ. ಒಂದು ಪ್ರದೇಶದಲ್ಲಿ ಹಲವು ಎಮು ಚಿತ್ರಗಳಿರುವಾಗ ಯಾವುದೋ ಒಂದು ಆಕಾಶಕ್ಕೆ ಹೊಂದುವುದು ಆಕಸ್ಮಿಕವೂ ಇರಬಹುದು. ಆದರೆ ವಿಮರ್ಶೆಯ ದೃಷ್ಟಿಯಿಂದ ಇದರ ಲಾಭ ಬೇರೆ. ಬಂಡೆಯ ಚಿತ್ರಕ್ಕೆ ಚೌಕಟ್ಟು ಬಂಡೆಯ ಅಂಚಲ್ಲ, ಸುತ್ತಲಿನ ಲೋಕ ಎಂಬುದನ್ನು ಇದು ಮನಗಾಣಿಸಿತು. ಊಹೆ ತಪ್ಪಾದರೂ ಅದು ಕಲಿಸಿದ ನೋಡುವ ಕ್ರಮ ಉಳಿಯುತ್ತದೆ: ಕೆಳಗೆ ನೋಡು, ಆಮೇಲೆ ಮೇಲೆ ನೋಡು, ಯಾವ ಋತುವೆಂದು ಕೇಳು.

7. ಬಳಕೆ ಮತ್ತು ರಕ್ಷಣೆ

ಆಸ್ಟ್ರೇಲಿಯದ ಆಧುನಿಕ ಕಲೆ ಈ ಚಿತ್ರಗಳನ್ನು ಹೇಗೆ ಸ್ವೀಕರಿಸಿತೆಂಬುದಕ್ಕೆ ಮಾರ್ಗರೆಟ್ ಪ್ರೆಸ್ಟನ್ (1875-1963) ಉತ್ತಮ ನಿದರ್ಶನ. ಮೂಲನಿವಾಸಿಗಳ ಕಲೆಯನ್ನು ಮ್ಯೂಸಿಯಮ್ಮಿನ ಕುತೂಹಲದ ವಸ್ತುವಾಗಿಯಲ್ಲದೆ ಕಲೆಯಾಗಿಯೇ ಕಾಣಬೇಕೆಂದು 1920ರ ದಶಕದಲ್ಲಿಯೇ ವಾದಿಸಿದ ಧೀಮಂತೆ ಅವರು. 1932ರಿಂದ 1939ರವರೆಗೆ ಈ ಉದ್ಯಾನದ ಪಕ್ಕದ ಬೆರೌರದಲ್ಲಿ ವಾಸಿಸಿ ಆ ನೆಲದ ಬಣ್ಣ, ಗೆರೆಗಳನ್ನು ತಮ್ಮ ಕೃತಿಗಳಲ್ಲಿ ತಂದರು. ಅವರ ಮೆಚ್ಚುಗೆ ನಿಜವಾದದ್ದು. ಅದರ ಮಿತಿಯೂ ನಿಜವಾದದ್ದು. ಒಂದು ಹೊಸ ರಾಷ್ಟ್ರೀಯ ಶೈಲಿಗೆ ಬೇಕಾದ ವಿನ್ಯಾಸದ ಭಂಡಾರವಾಗಿ ಅವರು ಈ ಕಲೆಯನ್ನು ಕಂಡರು. ವಿನ್ಯಾಸವೆಂದು ಕರೆದೊಡನೆ ಚಿತ್ರವನ್ನು ಬಂಡೆಯಿಂದ ಎತ್ತಿ ಬೇರೆಡೆ ಇಡಬಹುದೆಂದಾಗುತ್ತದೆ. ಅದಕ್ಕೆ ಅಪ್ಪಣೆ ಕೇಳಬೇಕಾದ ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆ ಏಳುವುದೇ ಇಲ್ಲ.

ರಕ್ಷಣೆಯ ಪ್ರಶ್ನೆ ಇನ್ನೂ ತೊಡಕಿನದು. ಮರಳುಗಲ್ಲು ಮೆದು. ಗಾಳಿ, ಮಳೆ, ಕಾಡುಗಿಚ್ಚು, ಕಾಲ್ತುಳಿತಗಳಿಂದ ತೋಡು ಸವೆಯುತ್ತದೆ. ಹಿಂದೆ ದೀಕ್ಷಾವಿಧಿಗಳ ಭಾಗವಾಗಿ ಗೆರೆಗಳನ್ನು ಮತ್ತೆ ಮತ್ತೆ ಉಜ್ಜಿ ಹೊಸತು ಮಾಡುತ್ತಿದ್ದಿರಬೇಕೆಂದು ವಿದ್ವಾಂಸರು ಭಾವಿಸುತ್ತಾರೆ. ಆ ಪರಂಪರೆ ಕಡಿದ ಮೇಲೆ ಸವೆತ ಮಾತ್ರ ಮುಂದುವರಿಯಿತು. ಸಿಡ್ನಿಯ ಬಾಂಡೈನಲ್ಲಿ 1960ರ ದಶಕದಲ್ಲಿ ನಗರಾಡಳಿತವೇ ಕೊರೆಚಿತ್ರಗಳನ್ನು ಮತ್ತೆ ತೋಡಿಸಿತು. ಗೆರೆ ಇಂದು ಸ್ಪಷ್ಟವಾಗಿ ಕಾಣುತ್ತದೆ; ಆದರೆ ಕಾಣುವುದು ಯಾರ ಗೆರೆ? ಇದಕ್ಕೆ ಸುಲಭದ ಉತ್ತರ ಬೇಡ. ಮರುಗೆರೆ ಎಳೆಯುವುದು ಪರಂಪರೆಯೊಳಗೇ ಇದ್ದ ಕ್ರಿಯೆಯಾದ್ದರಿಂದ ತೋಡುವಿಕೆಯೇ ತಪ್ಪಲ್ಲ. ತೋಡುವ ಅಧಿಕಾರ ಯಾರದು, ಯಾವ ಸಂದರ್ಭದಲ್ಲಿ, ಯಾವ ಜ್ಞಾನದಿಂದ ಎಂಬುದು ಪ್ರಶ್ನೆ. ಅದನ್ನು ಎಂಜಿನಿಯರಿಂಗ್ ಇಲಾಖೆ ಒಂಟಿಯಾಗಿ ತೀರ್ಮಾನಿಸಲಾಗದು. ಮೂಲನಿವಾಸಿ ಸಮುದಾಯದ ಪ್ರತಿನಿಧಿಗಳ ಮಾತು ಅಲ್ಲಿ ಮೊದಲು ಬರಬೇಕು.

ನ್ಯೂ ಸೌತ್ ವೇಲ್ಸ್ ರಾಜ್ಯದ 1974ರ ಕಾಯಿದೆ ಈ ನೆಲೆಗಳಿಗೆ ಹಾನಿಮಾಡುವುದನ್ನು ಅಪರಾಧವಾಗಿಸಿದೆ. ಈ ಉದ್ಯಾನ 2006ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿದ್ದು ಪ್ರಧಾನವಾಗಿ ಅದರ ಸಸ್ಯಸಂಪತ್ತಿನ ವೈವಿಧ್ಯಕ್ಕಾಗಿ ಎಂಬುದು ಗಮನಾರ್ಹ. ಪ್ರಕೃತಿ ಒಂದು ಕಡತ, ಸಂಸ್ಕೃತಿ ಇನ್ನೊಂದು ಕಡತ ಎಂಬ ಆಡಳಿತದ ವಿಂಗಡಣೆ, ದಂಡೆ ಬೇರೆ ಬಂಡೆ ಬೇರೆ ಎಂಬ ಪ್ರವಾಸಿ ವಿಂಗಡಣೆಯ ಅಣ್ಣ. ಇವೆರಡನ್ನೂ ಮೀರಿದ ಸಾಧ್ಯತೆಗಳೂ ಇವೆ: 2025ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಆಸ್ಟ್ರೇಲಿಯದ ಮುರುಜುಗದ ವಿಷಯದಲ್ಲಿ ಅಲ್ಲಿನ ಮೂಲನಿವಾಸಿ ಸಮುದಾಯಗಳೇ ಮುಂದಾಳುತನ ವಹಿಸಿದ್ದವು.

8. ಸಮಾರೋಪ

ಮೇಲಿನ ಚರ್ಚೆಯಿಂದ ಮೂರು ವಿಚಾರ ಸ್ಪಷ್ಟವಾಗುತ್ತವೆ. ಒಂದು, ಶಿಲಾಚಿತ್ರದ ರೂಪದಲ್ಲಿ ಅದರ ಸ್ಥಳ, ಅದಕ್ಕೆ ಹೋಗುವ ದಾರಿ, ಅದು ಕಾಣುವ ಹೊತ್ತು ಇವೂ ಸೇರುತ್ತವೆ; ಇವನ್ನು ಬಿಟ್ಟ ದಾಖಲೆ ಅಪೂರ್ಣ ದಾಖಲೆ. ಎರಡು, ಅರ್ಥ ಕಳೆದುಹೋಗಿರುವ ಕಡೆ ಹತ್ತಿರದ ಅರ್ಥವೊಂದನ್ನು ತಂದು ಹಚ್ಚುವುದಕ್ಕಿಂತ ಕಳೆದುದರ ಚರಿತ್ರೆಯನ್ನು ಹೇಳುವುದು ಹೆಚ್ಚು ಸತ್ಯ. ಮೂರು, ರಕ್ಷಣೆಯೆಂಬುದು ಗೆರೆಯ ರಕ್ಷಣೆಯಷ್ಟೇ ಅಲ್ಲ. ಗೆರೆಯ ಮೇಲೆ ಹಕ್ಕುಳ್ಳವರ ಮಾತಿನ ರಕ್ಷಣೆಯೂ ಹೌದು.

ಈ ತೀರ್ಮಾನಗಳು ನಮ್ಮ ನೆಲಕ್ಕೂ ಸಲ್ಲುತ್ತವೆ. ಬಳ್ಳಾರಿಯ ಬಳಿಯ ಕುಪ್ಪಗಲ್ಲಿನ ಗುಡ್ಡದ ಕುಟ್ಟುಚಿತ್ರಗಳನ್ನು ಫಾಸೆಟ್ 1892ರಲ್ಲಿಯೇ ಪ್ರಕಟಿಸಿದ್ದನು. ನಿಕೋಲ್ ಬೊಯ್ವಿನ್ 2004ರಲ್ಲಿ ಪ್ರಕಟಿಸಿದ ಅಧ್ಯಯನ, ಅಲ್ಲಿ ಹೋರಿಗಳ ಚಿತ್ರಗಳ ನಡುವೆಯೇ ಬಡಿದರೆ ನಾದ ಹೊಮ್ಮಿಸುವ ಕಲ್ಲುಗಳಿವೆಯೆಂಬುದರ ಕಡೆಗೆ ಗಮನ ಸೆಳೆದು, ಕಲ್ಲುಗಣಿಗಾರಿಕೆಯಿಂದ ಆ ನೆಲೆಗೆ ಒದಗಿರುವ ಅಪಾಯವನ್ನೂ ಎತ್ತಿಹೇಳಿತು. ಕುಪ್ಪಗಲ್ಲಿನಲ್ಲಿ ಚಿತ್ರವನ್ನು ನೋಡಲು ಗುಡ್ಡ ಹತ್ತಬೇಕು, ಕಲ್ಲನ್ನು ಕೇಳಲು ಕೈಯೆತ್ತಬೇಕು. ಅಲ್ಲಿಯೂ ಚಿತ್ರವೆಂದರೆ ಬಂಡೆಯ ಮೇಲಿನ ಗುರುತು ಮಾತ್ರವಲ್ಲ. ಹತ್ತುವ ದಾರಿ, ಕೇಳುವ ನಾದ, ಸುತ್ತಲಿನ ಹುಲ್ಲುಗಾವಲು, ಬೂದಿದಿಬ್ಬಗಳೆಲ್ಲ ಕೂಡಿದ ಒಂದು ಲೋಕ. ಒಂದೆರಡು ಬಂಡೆಗಳಿಗೆ ಬೇಲಿ ಹಾಕಿ, ಉಳಿದ ಗುಡ್ಡವನ್ನು ಜಲ್ಲಿಗೆ ಬಿಟ್ಟುಕೊಟ್ಟರೆ ಚಿತ್ರವನ್ನು ಉಳಿಸಿದಂತಾಗುವುದಿಲ್ಲ.

ಸಿಡ್ನಿಯ ಜನ ತಮ್ಮ ಶಿಲಾಚಿತ್ರಗಳನ್ನು ಓದಲು ತಡವಾಗಿ ಕಲಿತರು. ಓದಿ ಹೇಳಬಲ್ಲವರು ಆ ವೇಳೆಗೆ ಬಹುಮಟ್ಟಿಗೆ ಇಲ್ಲವಾಗಿದ್ದರು. ನಮ್ಮಲ್ಲಿ ಇಂತಹ ಬಂಡೆಗಳ ಸುತ್ತ ಇನ್ನೂ ದನ ಕಾಯುವವರಿದ್ದಾರೆ, ಗುಡ್ಡಕ್ಕೆ ಹೆಸರಿಟ್ಟು ಕರೆಯುವವರಿದ್ದಾರೆ, ಕಲ್ಲಿನ ಕಥೆ ಹೇಳುವವರಿದ್ದಾರೆ. ಅವರ ಮಾತನ್ನು ಬರೆದಿಟ್ಟುಕೊಳ್ಳುವ ಕೆಲಸ ಅಳತೆಪಟ್ಟಿ ಬಿಚ್ಚುವುದಕ್ಕಿಂತ ಮೊದಲು ಆಗಬೇಕಾದದ್ದು. ಶಿಲಾಚಿತ್ರಗಳ ಕನ್ನಡ ವಿಮರ್ಶೆ ಇಲ್ಲಿಂದ ಆರಂಭವಾಗುವುದು ಯುಕ್ತ.